4×4 ಲೇಸ್ ಕ್ಲೋಶರ್ ವಿಗ್: ಒಂದು ಬ್ಯಾಸಿಗಿ, ಒಂದು ಮಳೆಗಾಲ ಕಂಡ ಮೇಲಿನ ವಿಮರ್ಶೆ

ಮನುಷ್ಯರ ಕೂದಲಿನ ವಿಗ್, ಮುಂದೆ 4×4 ಇಂಚಿನ ಸ್ವಿಸ್ ಲೇಸ್ ಕ್ಲೋಶರ್ (ಕೂದಲು ಕಟ್ಟಿದ ತೆಳು ಬಲೆಬಟ್ಟೆಯ ತುಂಡು), 150% ಡೆನ್ಸಿಟಿ (ಕೂದಲಿನ ದಟ್ಟಣೆ), ಡೈ ಮಾಡದ ಸಹಜ ಕಪ್ಪು. ಹುಬ್ಬಳ್ಳಿಯ ಏಪ್ರಿಲ್ ಬಿಸಿಲು, ಧಾರವಾಡದ ಜುಲೈ ಮಳೆ ಎರಡೂ ಇದರ ಮೇಲೆ ಹಾದು ಹೋಗಿವೆ. ಕೂದಲು ಭಾಳ ಚಲೋ ಐತಿ, ಪೂರ್ತಿ ಅಂಕ. ಲೇಸಿಗೆ ಅರ್ಧ ಅಂಕ ಮಾತ್ರ, ಉಳಿದರ್ಧ ಮನೆಯಲ್ಲಿ ಮಾಡುವ ಕೆಲಸದಿಂದ ಬರಬೇಕು. ಪೆಟ್ಟಿಗೆಯಿಂದ ತೆಗೆದು ಹಾಗೇ ತಲೆಗೇರಿಸಿದರೆ ವಿಗ್ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಅದು ಗೊತ್ತಾಗುವುದು ಬೈತಲೆಯಲ್ಲಿ. ನಮ್ಮ ಕಡೆ ನಡು ಬೈತಲೆ ತೆಗೆದು ಕೂದಲನ್ನು ಹಿಂದಕ್ಕೆ ಬಾಚುವುದೇ ಹೆಚ್ಚು, ಎದುರಿಗಿದ್ದವರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ. ಕೂದಲನ್ನು ಲೇಸಿಗೆ ಕಟ್ಟಿದ ಗಂಟುಗಳು ಅಲ್ಲಿ ಕಪ್ಪು ಚುಕ್ಕೆಗಳ ಸಾಲಾಗಿ ಕಾಣುತ್ತವೆ. ಅವನ್ನು ಬ್ಲೀಚ್ ಮಾಡಲೇಬೇಕು, ಇದೇ ಎಲ್ಲಕ್ಕಿಂತ ಸೂಕ್ಷ್ಮ ಕೆಲಸ.

ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಬ್ಲೀಚ್ ಪುಡಿ, 20 ವಾಲ್ಯೂಮ್ ಡೆವಲಪರ್ (ಪುಡಿಗೆ ಬೆರೆಸುವ ದ್ರವ, ಅಂದರೆ 6% ಹೈಡ್ರೋಜನ್ ಪೆರಾಕ್ಸೈಡ್) ಕೇಳಿ. 40 ವಾಲ್ಯೂಮ್ ಬೇಗ ಆಗುತ್ತದೆ ಎನ್ನುವವರ ಮಾತು ಕೇಳಬೇಡಿ, ಗಂಟಿನ ಹತ್ತಿರ ಕೂದಲು ಸುಟ್ಟು ಮುರಿಯುತ್ತದೆ. ಎರಡು ಚಮಚ ಪುಡಿಗೆ ಡೆವಲಪರನ್ನು ಸ್ವಲ್ಪಸ್ವಲ್ಪವೇ ಹಾಕುತ್ತ ಶ್ರೀಖಂಡದ ಹದಕ್ಕೆ ಕಲಸಿ. ಚಮಚ ತಲೆಕೆಳಗು ಹಿಡಿದರೂ ಬೀಳಬಾರದು. ತೆಳ್ಳಗಾದರೆ ಲೇಸಿನ ತೂತಿನಿಂದ ಆಚೆಗೆ ಇಳಿದು ಕೂದಲಿನ ಬುಡ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ವಿಗ್ಗನ್ನು ಒಳಮೈ ಮೇಲೆ ಮಾಡಿ ಸ್ಟ್ಯಾಂಡಿಗೆ ಪಿನ್ ಮಾಡಿ, ಬ್ರಶ್ ಒತ್ತದೆ, ಬೆಣ್ಣೆ ಸವರಿದ ಹಾಗೆ ಹಚ್ಚಿ, ಮೇಲೆ ಫಾಯಿಲ್ ಮುಚ್ಚಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. 10 ನಿಮಿಷಕ್ಕೊಮ್ಮೆ ಒಂದು ಮೂಲೆ ಒರೆಸಿ ನೋಡಬೇಕು. ಕಪ್ಪು ಹೋಗಿ ತಿಳಿಗಂದು ಬಂದರೆ ನಮ್ಮ ಮೈಬಣ್ಣಕ್ಕೆ ಸಾಕು, ಹೊಂಬಣ್ಣದ ತನಕ ಕಾಯಬೇಡಿ. 40 ನಿಮಿಷ ದಾಟಿಸಲೂ ಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ನ್ಯೂಟ್ರಲೈಸಿಂಗ್ ಶಾಂಪೂ (ಬ್ಲೀಚಿನ ಕೆಲಸ ನಿಲ್ಲಿಸುವಂಥದ್ದು) ಎರಡು ಸಲ ಹಾಕಿ. ಕಿತ್ತಳೆ ಛಾಯೆ ಉಳಿದರೆ ಬ್ಲೂ ಶಾಂಪೂ ಎರಡು ಮೂರು ನಿಮಿಷ.

ಗಂಟು ಬ್ಲೀಚ್ ಮಾಡಿಯೇ ಕೊಡುವ ಮಾಲಿಗೆ ಹೆಚ್ಚಿಗೆ ದುಡ್ಡು ಕೇಳುತ್ತಾರೆ. ಅದನ್ನು ಎಷ್ಟು ಹೊತ್ತು ಬ್ಲೀಚಿನಲ್ಲಿ ಇಟ್ಟಿದ್ದರು ಎಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಮನೆಯಲ್ಲೇ ಮಾಡುವುದು ಲೇಸು.

ಟ್ರಾನ್ಸ್‌ಪರೆಂಟ್ ಲೇಸ್ ಗೋಧಿ ಬಣ್ಣದ ಚರ್ಮದ ಮೇಲೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಒಂದು ಕಪ್ ಕುದಿಯುವ ನೀರಿಗೆ ಎರಡು ಚಮಚ ಚಹಾಪುಡಿ ಹಾಕಿ ಸೋಸಿ, ಆರಿದ ಮೇಲೆ ಲೇಸನ್ನಷ್ಟೇ 10 ನಿಮಿಷ ಅದ್ದಿ. ಹಸಿ ಇದ್ದಾಗ ಬಣ್ಣ ಗಾಢ ಕಾಣುತ್ತದೆ, ಒಣಗಿಸಿಯೇ ನಿರ್ಧಾರ ಮಾಡಿ. ಬಣ್ಣವನ್ನು ಹಣೆಗೆ ಹೋಲಿಸಬೇಡಿ, ನೆತ್ತಿಗೆ ಹೋಲಿಸಿ; ಬಿಸಿಲು ಕಾಣದ ನೆತ್ತಿ ಯಾವಾಗಲೂ ಒಂದು ಛಾಯೆ ತಿಳಿಯಾಗಿರುತ್ತದೆ. ನೈಲಾನ್ ಲೇಸ್ ಚಹಾ ಹಿಡಿಯುತ್ತದೆ, ಪಾಲಿಸ್ಟರ್ ಹಿಡಿಯುವುದಿಲ್ಲ. ಪಾಲಿಸ್ಟರ್ ಲೇಸಿಗೆ ಒಳಮೈಯಿಂದ ಕಾಂಪ್ಯಾಕ್ಟ್ ಪೌಡರ್ ಒತ್ತುವುದೇ ದಾರಿ.

ಆಮೇಲೆ ಚಿಮಟ. ಅಂಚಿನ ಮೊದಲ ಸಾಲನ್ನು ಮುಟ್ಟದೆ ಅದರ ಹಿಂದಿನಿಂದ ಒಂದೊಂದೇ ಕೂದಲು, ಅದು ಬಾಗಿದ ದಿಕ್ಕಿನಲ್ಲೇ ಎಳೆಯಿರಿ. ಬೈತಲೆಯ ಎರಡೂ ಬದಿ ಅಲ್ಲಲ್ಲಿ ಕಿತ್ತರೆ ಗೆರೆ ಹೊಡೆದಂಥ ನೇರ ತಪ್ಪುತ್ತದೆ. ಒಂದೇ ಜಾಗದಲ್ಲಿ ನಿಲ್ಲಬೇಡಿ, ಕಿತ್ತದ್ದು ಮತ್ತೆ ಬೆಳೆಯುವುದಿಲ್ಲ. ಹಣೆಯ ಮುಂದಿನ ಹೆಚ್ಚುವರಿ ಲೇಸನ್ನು ಅಂಕುಡೊಂಕಾಗಿ, 2–3 ಮಿಲಿಮೀಟರ್ ಬಿಟ್ಟು ಕತ್ತರಿಸಿ.

ಅಂಟು ಇಲ್ಲಿ ಬೇಡವೇ ಬೇಡ. ಏಪ್ರಿಲ್–ಮೇ ಬೆವರಿಗೆ ಅಂಟು ಮೆತ್ತಗಾಗಿ ಅಂಚು ಏಳುತ್ತದೆ, ಬೆಳ್ಳಗೆ ಕಾಣುತ್ತದೆ. ಒಳಗೆ ಇಲಾಸ್ಟಿಕ್ ಪಟ್ಟಿ, ನಾಲ್ಕು ಕ್ಲಿಪ್ ಇದ್ದರೆ ಕ್ಲೋಶರಿಗೆ ಧಾರಾಳ. ಕೀಮೋ ಆದವರ ನೆತ್ತಿ ಸೂಕ್ಷ್ಮ. ಅಂಥವರು ಅಂಟಿನ ಹತ್ತಿರವೂ ಹೋಗಬಾರದು, ಕ್ಲಿಪ್ ಬಿಟ್ಟು ಮೆತ್ತನೆಯ ಹತ್ತಿ ಟೋಪಿಯ ಮೇಲೆ ಪಟ್ಟಿಯಷ್ಟೇ ಹಾಕಿಕೊಳ್ಳಲಿ.

ಬೋರ್‌ವೆಲ್ಲಿನ ಸವಳು ನೀರು ಲೇಸಿನ ಮೇಲೆ ಬಿಳಿ ಪದರ ಬಿಡುತ್ತದೆ, ಕೂದಲು ಒರಟಾಗುತ್ತದೆ. ಗದಗ ಕಡೆಯವರಿಗೆ ಈ ಕಾಟ ಹೇಳಿಕೊಡಬೇಕಿಲ್ಲ. ಕಡೇ ತೊಳೆತಕ್ಕೆ ನಳದ ನೀರು ಎತ್ತಿಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭಾ ನೀರು ಬಿಟ್ಟ ದಿನವೇ ತೊಳೆದರೆ ಇನ್ನೂ ಚಲೋ. ಅದೂ ಇಲ್ಲದಿದ್ದರೆ ಒಂದು ಲೀಟರಿಗೆ ಒಂದು ಚಮಚ ವಿನೆಗರ್. ಕಂಡಿಷನರ್, ಕೊಬ್ಬರಿ ಎಣ್ಣೆ ತುದಿಗೆ ಮಾತ್ರ, ಬುಡಕ್ಕೆ ತಾಗಿದರೆ ಗಂಟು ಜಾರಿ ಸಡಿಲಾಗುತ್ತದೆ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ, ಇಲ್ಲವಾದರೆ ಮುಗ್ಗು ವಾಸನೆ ಬರುತ್ತದೆ.

ಬೈತಲೆ ಕುಂಕುಮ ಇಡುವವರು ಎಚ್ಚರ. ಪುಡಿ ಲೇಸಿನ ತೂತಿಗಿಳಿದು ಕೆಂಪು ಕಲೆ ಉಳಿಯುತ್ತದೆ, ಎಣ್ಣೆ ಬೆರೆತ ಸಿಂಧೂರದ್ದಂತೂ ಹೋಗುವುದೇ ಇಲ್ಲ. ಲೇಸಿನ ಅಂಚಿನ ಕೆಳಗೆ, ಹಣೆಯ ಚರ್ಮದ ಮೇಲೆ ಇಟ್ಟರೆ ನೋಡುವವರಿಗೆ ವ್ಯತ್ಯಾಸ ಕಾಣದು. ಪುಡಿ ಬಿದ್ದರೆ ಒದ್ದೆ ಮಾಡಬೇಡಿ, ಒಣ ಹಲ್ಲುಜ್ಜುವ ಬ್ರಶ್ಶಿನಿಂದ ಮೊದಲು ಝಾಡಿಸಿ.

ಇಷ್ಟು ಬಳಕೆಗೆ ಬೈತಲೆಯ ಎರಡೂ ಬದಿ ಕೂದಲು ತುಸು ತೆಳುವಾಗಿದೆ, ಬ್ಲೀಚ್ ಆದ ಗಂಟಿನ ಗುಣ ಅದು. ಒಳಮೈಗೆ ನಾಟ್ ಸೀಲರ್ (ಗಂಟು ಬಿಗಿ ಹಿಡಿಸುವ) ಸ್ಪ್ರೇ ಹೊಡೆದರೆ ಉದುರುವುದು ನಿಧಾನವಾಗುತ್ತದೆ. ಕೊಳ್ಳುವಾಗ ಫ್ರೀ ಪಾರ್ಟ್ ಕ್ಲೋಶರ್ (ಬೈತಲೆ ಬೇಕಾದಲ್ಲಿ ತೆಗೆಯಬಹುದಾದದ್ದು) ಎಂದೇ ಕೇಳಿ ತೆಗೆದುಕೊಳ್ಳಿ. ನಡು ಸವೆದಾಗ ಬೈತಲೆಯನ್ನು ಅರ್ಧ ಇಂಚು ಎಡಕ್ಕೋ ಬಲಕ್ಕೋ ಸರಿಸಬಹುದು, ಹೊಸ ಗೆರೆಯ ಗಂಟುಗಳನ್ನಷ್ಟೇ ಬ್ಲೀಚ್ ಮಾಡಿದರೆ ಆಯಿತು.