ಓಡುತ್ತಿರುವ ಡೇಟಾಬೇಸ್‌ನ ಫೈಲ್ ನಕಲನ್ನು ಬ್ಯಾಕಪ್ ಎಂದು ನಂಬಿ ಮೋಸ ಹೋಗಬೇಡಿ

ಕಲಬುರಗಿಯ ನೆಹರೂ ಗಂಜ್‌ನಲ್ಲಿ ಅಡತಿ ಅಂಗಡಿ ನಡೆಸುವ ನಾನು, ನನಗಾದದ್ದು ಇನ್ನೊಬ್ಬರಿಗೆ ಆಗಬಾರದೆಂದು ನಾಚಿಕೆಯನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ತೊಗರಿಯ ಆವಕ ಜೋರಾಗಿದ್ದ ಜನವರಿಯಲ್ಲಿ ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತು. ನಾನು ಗಾಬರಿಯಾಗಲಿಲ್ಲ. ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟವರಿಗೆ ಬ್ಯಾಕಪ್‌ಗೆಂದೇ ವರ್ಷಕ್ಕೆ 12,000 ರೂಪಾಯಿ ಕೊಡುತ್ತಿದ್ದೆ. ಪ್ರತಿ ರಾತ್ರಿ 9 ಗಂಟೆಗೆ ಹೊರಗಿನ ಡಿಸ್ಕ್‌ಗೆ ಫೋಲ್ಡರ್ ಬಂದು ಬೀಳುವುದನ್ನು ಕಣ್ಣಾರೆ ನೋಡುತ್ತಿದ್ದೆ.

ಆ ಫೋಲ್ಡರನ್ನು ಹೊಸ ಡಿಸ್ಕ್‌ಗೆ ಹಾಕಿದರೆ, ನಮ್ಮ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ಪ್ರೋಗ್ರಾಂ ಮೈಎಸ್‌ಕ್ಯೂಎಲ್ ಶುರುವೇ ಆಗಲಿಲ್ಲ. ಸಾಫ್ಟ್‌ವೇರ್‌ನವರು ಬಲವಂತದ ರಿಕವರಿಯನ್ನು, ಅಂದರೆ ಕೆಟ್ಟ ಡೇಟಾಬೇಸನ್ನು ಹಾಗೆಯೇ ತೆರೆಸುವ ಉಪಾಯವನ್ನು, ಕೊನೆಯದಾದ 6ನೇ ಹಂತಕ್ಕೆ ಏರಿಸಿ ಹೇಗೋ ತೆರೆದರು. ಆಳಂದ ಕಡೆಯ ರೈತರೊಬ್ಬರ ಬಿಲ್ ಪರದೆಯ ಮೇಲೆ ಬಂತು: ಹೆಸರಿದೆ, ದಿನಾಂಕವಿದೆ, ಆದರೆ ಚೀಲ, ತೂಕ, ದರದ ಒಂದು ಸಾಲೂ ಇಲ್ಲ. ಅದೇ ರೈತರು ತಕ್ ಪಟ್ಟಿ (ಮಾರಾಟದ ಚೀಟಿ) ಹಿಡಿದುಕೊಂಡು ನನ್ನೆದುರೇ ಕುಳಿತಿದ್ದರು. ಅವರ ಮುಂದೆ ತಲೆ ಎತ್ತಲಾಗಲಿಲ್ಲ.

ಸಾಫ್ಟ್‌ವೇರ್‌ನವರನ್ನು ಕೇಳಿದರೆ ಬಂದ ಉತ್ತರ, "ಫೈಲ್ ಎಲ್ಲಾ ಕಾಪಿ ಆಗ್ಯಾವಲ್ರಿ ಸರ್, ಬ್ಯಾಕಪ್ ಅಂದ್ರ ಅಷ್ಟೇರಿ." ಒಮ್ಮೆಯಾದರೂ ಇದನ್ನು ತೆರೆದು ನೋಡಿದ್ದಿರಾ ಎಂದೆ. "ಯಾರೂ ನೋಡಂಗಿಲ್ರಿ" ಎಂದರು. ಮರುದಿನ ಮಾತು ಬದಲಾಯಿತು: "ರಾತ್ರಿ ಎಂಟ್ರಿ ಮಾಡಬ್ಯಾಡ್ರಿ ಅಂತ ನಿಮಗ ಹೇಳಿದ್ದೆವಲ್ರಿ." ಯಾವಾಗ ಹೇಳಿದ್ದರು? ಸುಗ್ಗಿಯಲ್ಲಿ ರಾತ್ರಿ 10ರವರೆಗೆ ಬಿಲ್ ಆಗುತ್ತದೆಂಬುದು ಅವರಿಗೆ ಗೊತ್ತಿಲ್ಲವೇ?

ಆಮೇಲೆ ಬೇರೊಬ್ಬರು ತಿಳಿಸಿ ಹೇಳಿದರು. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಜೋಡಿಸಿಡುವ ಭಾಗವಾದ ಇನ್ನೋಡಿಬಿ ಪ್ರತಿ ಬದಲಾವಣೆಯನ್ನು ಮೊದಲು ರೀಡೂ ಲಾಗ್ ಎಂಬ ಬದಲಾವಣೆಗಳ ದಾಖಲೆ ಫೈಲಿನಲ್ಲಿ ಬರೆದು, ಬದಲಾದ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಡೇಟಾ ಫೈಲಿಗೆ ತಡವಾಗಿ ಇಳಿಸುತ್ತದೆ. ಆದ್ದರಿಂದ ಸರ್ವರ್ ಓಡುತ್ತಿರುವಾಗ ಫೈಲ್‌ಗಳನ್ನು ಒಂದೊಂದಾಗಿ ನಕಲು ಮಾಡಿದರೆ ಒಂದು ಫೈಲ್ 9 ಗಂಟೆಯದು, ಇನ್ನೊಂದು 9.05ರದು ಆಗಿ, ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಮೈಎಸ್‌ಕ್ಯೂಎಲ್ ಜೊತೆಗೇ ಬರುವ ಬ್ಯಾಕಪ್ ಉಪಕರಣ ಮೈಎಸ್‌ಕ್ಯೂಎಲ್‌ಡಂಪ್‌ಗೆ 'ಸಿಂಗಲ್ ಟ್ರಾನ್ಸಾಕ್ಷನ್' ಎಂಬ ಆಯ್ಕೆ ಕೊಟ್ಟರೆ ಅಂಗಡಿಯ ಕೆಲಸ ನಿಲ್ಲದೆಯೇ ಒಂದೇ ಕ್ಷಣದ ಪೂರ್ತಿ ಚಿತ್ರ ಸಿಗುತ್ತಿತ್ತು. ಅದು ಉಚಿತ! ಇಷ್ಟು ಸಣ್ಣ ಕೆಲಸವನ್ನು ದುಡ್ಡು ತೆಗೆದುಕೊಂಡೂ ಮಾಡಲಿಲ್ಲ.

ಡೇಟಾಬೇಸ್‌ನ ಟೇಬಲ್‌ಗಳು (ಡೇಟಾ ಇರುವ ಪಟ್ಟಿಗಳು) ಇನ್ನೋಡಿಬಿಯ ಬದಲು ಹಳೆಯ ಮೈಐಸ್ಯಾಮ್ ಮಾದರಿಯವಾಗಿದ್ದರೆ ಈ ಆಯ್ಕೆ ಸಾಲದು, ಬೀಗ ಹಾಕಿ, ಅಂದರೆ ಅಷ್ಟು ಹೊತ್ತು ಹೊಸ ಎಂಟ್ರಿ ತಡೆದೇ ಬ್ಯಾಕಪ್ ತೆಗೆಯಬೇಕು. ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಬ್ಯಾಕಪ್ಪನ್ನು ನಿಮ್ಮೆದುರಿಗೇ ಬೇರೆ ಕಂಪ್ಯೂಟರಿನಲ್ಲಿ ತೆರೆದು, ನಿನ್ನೆಯ ಬಿಲ್ ಒಂದನ್ನು ಸಾಲುಸಾಲಾಗಿ ತೋರಿಸುವವರೆಗೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ನಾನು ಕೊಟ್ಟ ಹಣ ಮರಳಿ ಬಂದಿಲ್ಲ, ಈಗ ಅವರು ಫೋನನ್ನೂ ಎತ್ತುತ್ತಿಲ್ಲ. ನಮ್ಮ ಗುಮಾಸ್ತರು ಕಾರ್ಬನ್ ಪ್ರತಿಗಳನ್ನು ನೋಡಿಕೊಂಡು ಡಿಸೆಂಬರ್‌ನ ಬಿಲ್‌ಗಳನ್ನು ಇನ್ನೂ ಏರಿಸುತ್ತಿದ್ದಾರೆ.