ಶರಾವತಿ ಹಿನ್ನೀರಿಗೆ ಯಾವ ಲೈಫ್ ಜಾಕೆಟ್: ಗಾಳಿಯದೋ, ಫೋಮಿನದೋ?

ತುಮರಿ, ಹೊಳೆಬಾಗಿಲು ಕಡೆಯ ಹಿನ್ನೀರಿನಲ್ಲಿ ತೆಪ್ಪವೋ ಸಣ್ಣ ದೋಣಿಯೋ ಇಟ್ಟುಕೊಂಡವರು ಜಾಕೆಟ್ ಕೊಳ್ಳುವಾಗ ಎರಡು ಬಗೆ ಎದುರಾಗುತ್ತವೆ.

ಗಾಳಿಯದು ಹಗುರ. ಹೆಗಲ ಮೇಲೆ ಪಟ್ಟಿಯಂತೆ ಕೂರುತ್ತದೆ. ಹುಟ್ಟು ಹಾಕಲು, ಬಲೆ ಎಳೆಯಲು ಅಡ್ಡಿಯಿಲ್ಲ. ದಾರ ಜಗ್ಗಿದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ತೂತು ಬಿದ್ದು ಕೆಲವೇ ಕ್ಷಣಗಳಲ್ಲಿ ಉಬ್ಬುತ್ತದೆ. ನೀರು ತಾಗಿದರೆ ತಾನೇ ಉಬ್ಬುವ ಕೆಲವು ಮಾದರಿಗಳಲ್ಲಿ ಕರಗುವ ಬಿಲ್ಲೆ ಇರುತ್ತದೆ. ನಮ್ಮ ಆಷಾಢದ ಮಳೆಗೆ, ಗೋಡೆಯೇ ಬೆವರುವ ಥಂಡಿಗೆ ಆ ಬಿಲ್ಲೆ ಕರಗಿ ಜಾಕೆಟ್ ಸುಮ್ಮಸುಮ್ಮನೆ ಉಬ್ಬೀತು. ನೀರಿನ ಒತ್ತಡಕ್ಕೆ ಮಾತ್ರ ತೆರೆದುಕೊಳ್ಳುವ ಹೈಡ್ರೋಸ್ಟಾಟಿಕ್ ಮಾದರಿ ಮಲೆನಾಡಿಗೆ ಮೇಲು, ಬೆಲೆ ಮಾತ್ರ ಜಾಸ್ತಿ.

ಸೊಂಟಕ್ಕೆ ಕಟ್ಟುವ ಗಾಳಿಪಟ್ಟಿಯನ್ನು ಮಾತ್ರ ಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ಅಮೆರಿಕದ ಸೈನಿಕರಿಗೆ ಅಂಥದ್ದನ್ನೇ ಕೊಟ್ಟಿದ್ದರು. ಕಂಕುಳ ಕೆಳಗೆ ಬಿಗಿಯಬೇಕಿದ್ದದ್ದನ್ನು ಕೆಲವರು ಸೊಂಟದಲ್ಲೇ ಬಿಟ್ಟರು. ಬೆನ್ನ ಮೇಲಿನ ಹೊರೆಗೆ ದೇಹ ಮಗುಚಿ, ತಲೆ ಕೆಳಗಾಗಿ ಸತ್ತರು. ಆ ಹುಡುಗರನ್ನು ನೆನೆದರೆ ಇಂದಿಗೂ ಕರುಳು ಚುರುಕ್ ಎನ್ನುತ್ತದೆ. ಗಾಳಿ ಎದೆ, ಕತ್ತಿನ ಸುತ್ತ ಇರಬೇಕು.

ಫೋಮಿನದು ದಪ್ಪ, ತೊಟ್ಟರೆ ಸೆಕೆ. ಆದರೆ ಬಿದಿರುಮುಳ್ಳು ಚುಚ್ಚಿದರೂ ತೇಲುತ್ತದೆ, ಸಿಲಿಂಡರ್ ಬದಲಿಸುವ ಗೊಡವೆಯಿಲ್ಲ. ಮಕ್ಕಳಿಗೆ, ಈಜು ಬಾರದ ನೆಂಟರಿಗೆ ಇದೇ. ಈ ವಿಷಯದಲ್ಲಿ ನಾನು ಬೇರೆ ಮಾತು ಕೇಳುವುದಿಲ್ಲ. ಕಾಲುಗಳ ನಡುವೆ ಹಾದು ಬರುವ ಪಟ್ಟಿ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಮಗುವಿನ ತಲೆ ದಾಟಿ ಮೇಲೆ ಜಾರುತ್ತದೆ.

ದಿನವೂ ನೀರಿಗಿಳಿಯುವ, ಈಜು ಬಲ್ಲವರಿಗೆ ಗಾಳಿಯದು ಸರಿ. ಮಳೆಗಾಲಕ್ಕೆ ಮುಂಚೆ ಬಾಯಲ್ಲಿ ಊದಿ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಅದನ್ನು ದೋಣಿಗೆ ತರಲೇಬೇಡಿ.