ಕ್ಯಾಸ್ಪ್ ಚೆಕ್‌ಲಿಸ್ಟ್: ಪೇಪರ್ ಓದಿಸುತ್ತದೆ, ರೋಗಿಯ ಮುಂದೆ ಕೈಬಿಡುತ್ತದೆ

ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಒಂದು ಸಂಶೋಧನಾ ಪೇಪರ್ ಕೊಟ್ಟು ಓದಿ ಬನ್ನಿ ಎಂದರೆ ಅಬ್‌ಸ್ಟ್ರ್ಯಾಕ್ಟಿನ (ಸಾರಾಂಶದ) ಕೊನೆಯ ಎರಡು ಸಾಲು ಓದಿ ಬರುತ್ತಾರೆ. ಈ ಚಾಳಿ ಬಿಡಿಸಲು ಕ್ಯಾಸ್ಪ್ ಚೆಕ್‌ಲಿಸ್ಟ್ ಒಳ್ಳೆಯ ಸಾಧನ, ಪೇಪರನ್ನು ಒರೆಗೆ ಹಚ್ಚುವ ಪ್ರಶ್ನೆಗಳ ಪಟ್ಟಿ. ಆಕ್ಸ್‌ಫರ್ಡ್‌ನಲ್ಲಿ 1993ರಲ್ಲಿ ಶುರುವಾದ ಕಾರ್ಯಕ್ರಮದ್ದು, ಪುಕ್ಕಟೆ ಸಿಗುತ್ತದೆ. ಇಲ್ಲಿ ಹೇಳುತ್ತಿರುವುದು ಆರ್‌ಸಿಟಿಗಳಿಗೆಂದು (ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ಚಿಕಿತ್ಸೆ ಹೋಲಿಸುವ ಟ್ರಯಲ್‌ಗಳಿಗೆ) ಇರುವ, 11 ಪ್ರಶ್ನೆಗಳ 2020ರ ಆವೃತ್ತಿಯ ಬಗ್ಗೆ. ಹೌದು, ಇಲ್ಲ, ಹೇಳಲಾಗದು: ಮೂರೇ ಉತ್ತರ.

ಹುಡುಗರು ಎಡವುವುದು ಎರಡನೇ ಪ್ರಶ್ನೆಯಲ್ಲೇ. ರ‍್ಯಾಂಡಮೈಸೇಶನ್ (ಚೀಟಿ ಎತ್ತಿದಂಥ ಆ ಹಂಚಿಕೆ) ಆಗಿದೆಯೇ ಎಂದು ನೋಡಿ ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಅದರ ಕೆಳಗೆ ಸಣ್ಣ ಅಕ್ಷರದ ಸುಳಿವಿನಲ್ಲಿ ಕನ್ಸೀಲ್‌ಮೆಂಟ್ ಅಡಗಿ ಕೂತಿದೆ. ಮುಂದೆ ಬರುವ ರೋಗಿ ಯಾವ ಗುಂಪಿಗೆ ಹೋಗುತ್ತಾನೆಂದು ಸೇರಿಸಿಕೊಳ್ಳುವ ವೈದ್ಯರಿಗೆ ಮೊದಲೇ ತಿಳಿಯಬಾರದು, ಅದು ಕನ್ಸೀಲ್‌ಮೆಂಟ್. ಸೇರಿದ ಮೇಲೆ ಯಾವ ಚಿಕಿತ್ಸೆ ನಡೆಯುತ್ತಿದೆಯೆಂದು ತಿಳಿಯದಿರುವುದು ಬ್ಲೈಂಡಿಂಗ್, ಅದು ನಾಲ್ಕನೇ ಪ್ರಶ್ನೆ. ಎರಡನ್ನೂ ಕಲಸಿಕೊಂಡವರಿಗೆ ಆಪರೇಷನ್ನಿನ ಟ್ರಯಲ್ ಒಂದನ್ನು ಕೊಡಿ. ಸರ್ಜನ್‌ಗೆ ಕಣ್ಣು ಕಟ್ಟಲಾಗದು, ಗುಂಪಿನ ಹೆಸರಿರುವ ಲಕೋಟೆಗೆ ಅಂಟು ಹಾಕಬಹುದು.

ಶುರುವಿನಲ್ಲಿ ಗುಂಪುಗಳು ಒಂದೇ ಥರ ಇದ್ದವೇ ಎಂಬುದು ಐದನೇ ಪ್ರಶ್ನೆ. ಅದಕ್ಕೆ ರೋಗಿಗಳ ವಿವರದ ಮೊದಲ ಟೇಬಲ್‌ನಲ್ಲಿ ಪಿ-ವ್ಯಾಲ್ಯೂ (ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ಅಳೆಯುವ ಸಂಖ್ಯೆ) ಹುಡುಕುವುದು ಇನ್ನೊಂದು ರೋಗ. ಚೀಟಿ ಎತ್ತಿ ಮಾಡಿದ ಗುಂಪುಗಳಲ್ಲಿ ಅದಕ್ಕೆ ಅರ್ಥವಿಲ್ಲ. ವ್ಯತ್ಯಾಸ ಎಷ್ಟು ದೊಡ್ಡದು, ಫಲಿತಾಂಶವನ್ನು ಅಲುಗಾಡಿಸುವಂಥದ್ದೇ ಎಂದಷ್ಟೇ ನೋಡಿಸಿ. ಕೊನೆಗೆ ಟಿಕ್‌ಗಳನ್ನು ಎಣಿಸಿ '11ಕ್ಕೆ 8' ಎನ್ನಲು ಬಿಡಬೇಡಿ. ಇದು ಅಂಕಪಟ್ಟಿಯಲ್ಲ. ಎರಡನೆಯದಕ್ಕೇ 'ಇಲ್ಲ' ಬಂದರೆ ಉಳಿದ ಹತ್ತು 'ಹೌದು' ಅದನ್ನು ತುಂಬಿಕೊಡುವುದಿಲ್ಲ.

ನಮ್ಮ ದೊಡ್ಡ ತಕರಾರು ಬೇರೆ. ಸ್ಥಳೀಯ ರೋಗಿಗಳಿಗೆ ಇದು ಅನ್ವಯವಾಗುತ್ತದೆಯೇ ಎಂದು ಹತ್ತನೇ ಪ್ರಶ್ನೆ ಕೇಳುತ್ತದೆ, ಆ ರೋಗಿಗೆ ಹೇಳುವುದು ಹೇಗೆಂದು ಕಲಿಸುವುದಿಲ್ಲ. ಹಾಗಾಗಿ ಹಾಳೆ ಮುಗಿದ ಕೂಡಲೇ ಹತ್ತು ನಿಮಿಷದ ರೋಲ್‌ಪ್ಲೇ ಸೇರಿಸಿ, ಕನ್ನಡದಲ್ಲೇ. ಒಂದು ಮಾತ್ರೆಯಿಂದ ಐದು ವರ್ಷದಲ್ಲಿ ಹಾರ್ಟ್ ಅಟ್ಯಾಕ್ ಶೇ. 4ರಿಂದ 3ಕ್ಕೆ ಇಳಿಯಿತು ಎನ್ನೋಣ. 'ಶೇ. 25 ಕಡಿಮೆಯಾಗುತ್ತೆ ಅಮ್ಮ' ಎಂದರೆ ಸುಳ್ಳಲ್ಲ, ಆದರೆ ಮಾತ್ರೆ ಮಾರುವವರ ಮಾತು. ಹೀಗೆ ಹೇಳಿಸಿ: 'ನಿಮ್ಮಂಥ ನೂರು ಜನ ಐದು ವರ್ಷ ಈ ಮಾತ್ರೆ ತಗೊಂಡ್ರೆ ಒಬ್ಬರಿಗೆ ಅಟ್ಯಾಕ್ ತಪ್ಪುತ್ತೆ. ಮೂವರಿಗೆ ಆದ್ರೂ ಆಗುತ್ತೆ, ತೊಂಬತ್ತಾರು ಜನಕ್ಕೆ ಮಾತ್ರೆ ಇಲ್ದೇನೂ ಆಗ್ತಿರಲಿಲ್ಲ.' ಕಾಗದದ ಮೇಲೆ ನೂರು ಚುಕ್ಕಿ ಬರೆದು ತೋರಿಸಿದರೆ ಇನ್ನೂ ಸಲೀಸು. ಅಡ್ಡಪರಿಣಾಮವನ್ನೂ ಅದೇ ನೂರರ ಲೆಕ್ಕದಲ್ಲಿ ಹೇಳಿಸಿ. ಲಾಭ ಶೇಕಡಾದಲ್ಲಿ, ತೊಂದರೆ 'ಅಪರೂಪಕ್ಕೆ' ಎಂಬ ಒಂದು ಪದದಲ್ಲಿ ಬರಕೂಡದು.

'ಅರ್ಥ ಆಯ್ತಾ?' ಎಂದು ಕೇಳಿದರೆ ಅಂಕ ಕಡಿಯಿರಿ. ದೊಡ್ಡ ಡಾಕ್ಟರ ಮುಂದೆ ಎಲ್ಲರೂ 'ಹೂಂ' ಎನ್ನುವವರೇ. 'ಮನೇಲಿ ಮಗ ಕೇಳಿದ್ರೆ ಏನಂತ ಹೇಳ್ತೀರಿ?' ಎಂದು ಕೇಳಿಸಿ.

ಒಂದು ಪೇಪರ್, ಆರು ಜನರ ಗುಂಪು, ಎರಡು ಗಂಟೆ ಇಟ್ಟುಕೊಳ್ಳಿ. ಅರವತ್ತು ಜನರ ಲೆಕ್ಚರ್ ಹಾಲ್‌ನಲ್ಲಿ ಈ ಹಾಳೆ ಹಂಚುವುದು ಕಾಗದ ದಂಡ.